ಗೊರಕೆ ನಿಂತರೆ ರೋಗ ನಿಂತಿತೆ?

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ಶ್ವಾಸಮಾರ್ಗ ಮುಚ್ಚಿ, ಉಸಿರು ಮತ್ತೆಮತ್ತೆ ಕಟ್ಟುವ ವ್ಯಾಧಿಯೇ ಸ್ಲೀಪ್ ಆಪ್ನಿಯ. ಇದಕ್ಕೆ ಮೊದಲ ಆಯ್ಕೆಯ ಚಿಕಿತ್ಸೆ, ಗಾಳಿಯ ಒತ್ತಡದಿಂದ ಶ್ವಾಸಮಾರ್ಗವನ್ನು ತೆರೆದಿಡುವ ಸಿಪ್ಯಾಪ್ ಯಂತ್ರ. ಅದರ ಮುಖವಾಡವನ್ನು ಸಹಿಸಲಾರದವರು ಶಸ್ತ್ರಚಿಕಿತ್ಸೆಯನ್ನು ಬಯಸುವುದು ಸಹಜವಾದರೂ, ಪೂರ್ವಪರೀಕ್ಷೆಗಳನ್ನು ಮುಗಿಸದೆ ಆಪರೇಷನ್ನಿನ ದಿನವನ್ನೇ ಗೊತ್ತುಮಾಡಿಕೊಳ್ಳುವವರು ನಮ್ಮಲ್ಲಿ ಬಹಳ.

ಮೊದಲು ಒಂದು ರಾತ್ರಿಯ ನಿದ್ರಾಪರೀಕ್ಷೆ ನಡೆಯಲಿ. ಗಂಟೆಗೆ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಕುಗ್ಗಿತೆಂಬುದೇ ಎಎಚ್‌ಐ. ಅದು 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಈ ವರದಿಯನ್ನು ಜೋಪಾನವಾಗಿಡಿ.

ಅನಂತರ ಶ್ವಾಸಮಾರ್ಗ ಕುಸಿಯುವ ಸ್ಥಾನವಾವುದೆಂಬುದು ನಿರ್ಣಯವಾಗಬೇಕು. ಕಿರುನಾಲಗೆಯನ್ನೂ ಅಂಗುಳಿನ ಅಂಚನ್ನೂ ಕತ್ತರಿಸಿ ಹೊಲಿಯುವ ಶಸ್ತ್ರಕ್ರಿಯೆಯ ಫಲವನ್ನು ಫ್ರೀಡ್‌ಮನ್ ಎಂಬ ವೈದ್ಯರು 2002ರಲ್ಲಿ ಹೋಲಿಸಿ ನೋಡಿದಾಗ, ಟಾನ್ಸಿಲ್ ದೊಡ್ಡದಾಗಿದ್ದು ನಾಲಗೆಯ ನೆಲೆ ತಗ್ಗಿನಲ್ಲಿದ್ದವರಲ್ಲಿ ಶೇಕಡಾ 80ರಷ್ಟು ಮಂದಿಗೆ ಗುಣ ಕಂಡಿತು. ಟಾನ್ಸಿಲ್ ಚಿಕ್ಕದಾಗಿದ್ದು ನಾಲಗೆಯೇ ಗಂಟಲನ್ನು ತುಂಬಿದ್ದವರಲ್ಲಿ ಶೇಕಡಾ 8ರಷ್ಟು ಮಂದಿಗೆ ಮಾತ್ರ. ಮಂಪರು ಬರಿಸಿ ಮೂಗಿನ ಮೂಲಕ ದೂರ್ಬೀನನ್ನು ಇಳಿಸಿ ನೋಡಿದರೆ, ಕುಸಿಯುವುದು ಅಂಗುಳೋ ನಾಲಗೆಯ ಬುಡವೋ ಎರಡೂ ಒಟ್ಟಿಗೋ ಎಂಬುದು ಗೋಚರಿಸುತ್ತದೆ. ಈ ಪರೀಕ್ಷೆಯ ಮಾತನ್ನೇ ಎತ್ತದ ವೈದ್ಯರಿದ್ದರೆ, ಇನ್ನೊಬ್ಬರ ಅಭಿಪ್ರಾಯವನ್ನು ಪಡೆಯುವುದೇ ಲೇಸೆಂದು ನಾನು ನಿಸ್ಸಂಕೋಚವಾಗಿ ಹೇಳುವೆನು. ದವಡೆ ಹಿಂದೆ ಸರಿದಿದ್ದರೆ ದವಡೆಗಳನ್ನು ಮುಂದಕ್ಕೆ ತರುವ ದೊಡ್ಡ ಶಸ್ತ್ರಕ್ರಿಯೆ ಹೆಚ್ಚು ಫಲಕಾರಿ. ಮೂಗಿನ ವಕ್ರತೆಯನ್ನು ತಿದ್ದಿದ ಮಾತ್ರಕ್ಕೆ ಎಎಚ್‌ಐ ಅಷ್ಟಾಗಿ ಇಳಿಯದು. ಯಂತ್ರದ ಬಳಕೆ ಮಾತ್ರ ಸುಗಮವಾದೀತು.

ಇನ್ನು, ಬಹುಮಂದಿ ಎಡವುವ ಸ್ಥಳ. ಕಂಪಿಸಿ ಸದ್ದು ಮಾಡುತ್ತಿದ್ದ ಅಂಗುಳಿನ ಅಂಚನ್ನು ಕತ್ತರಿಸಿದ ಮೇಲೆ ಗೊರಕೆ ಅಡಗುವುದು ಸ್ವಾಭಾವಿಕ. ಆದರೆ ನಾಲಗೆಯ ಬುಡ ಹಿಂದಕ್ಕೆ ಜಾರುವುದು ನಿಂತಿರದಿದ್ದರೆ ಉಸಿರು ಮೊದಲಿನಂತೆಯೇ ಕಟ್ಟುತ್ತಿರುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿರುತ್ತದೆ, ಮತ್ತು ಗೊರಕೆ ತಟ್ಟನೆ ನಿಂತುದನ್ನು ಕೇಳಿ ಗಾಬರಿಯಿಂದ ಭುಜ ಅಲುಗಿಸುತ್ತಿದ್ದ ಮನೆಯಾಕೆ ಈಗ ನೆಮ್ಮದಿಯಿಂದ ಮಲಗಿರುತ್ತಾಳೆ. ಆದುದರಿಂದ ಗಾಯ ಪೂರ್ಣವಾಗಿ ಮಾದ ಬಳಿಕ, ಮೂರರಿಂದ ಆರು ತಿಂಗಳೊಳಗೆ, ನಿದ್ರಾಪರೀಕ್ಷೆಯನ್ನು ಪುನಃ ಮಾಡಿಸಿ ಹಳೆಯ ವರದಿಯ ಪಕ್ಕದಲ್ಲಿಟ್ಟು ನೋಡತಕ್ಕದ್ದು. ಎಎಚ್‌ಐ ಅರ್ಧಕ್ಕಿಳಿದು 20ರ ಒಳಗೆ ಬಂದರೆ ಯಶಸ್ಸೆಂದು ಗಣಿಸುವ ರೂಢಿ ವೈದ್ಯರಲ್ಲಿದೆ. ಆದರೆ 40 ಇದ್ದುದು 18ಕ್ಕೆ ಬಂದ ರೋಗಿಯ ವ್ಯಾಧಿ ಇನ್ನೂ ಮಧ್ಯಮವೇ. ಅಂಥವರು ಯಂತ್ರವನ್ನು ಮಾರಿಬಿಡಬಾರದು.

ಉಳಿದವು ಸಂಕ್ಷೇಪವಾಗಿ: ಅತಿತೂಕವಿದ್ದರೆ ಯಶಸ್ಸಿನ ಸಂಭವ ತಗ್ಗುತ್ತದೆ, ಅನಂತರ ತೂಕ ಏರಿದರೆ ರೋಗ ಮರುಕಳಿಸಬಹುದು. ಅರಿವಳಿಕೆಯ ವೈದ್ಯರಿಗೆ ಕಾಯಿಲೆಯ ತೀವ್ರತೆಯನ್ನು ಮೊದಲೇ ತಿಳಿಸಿ. ಆಪರೇಷನ್ನಾದ ರಾತ್ರಿ ಆಮ್ಲಜನಕದ ಮಟ್ಟವನ್ನು ಗಮನಿಸುವ ವ್ಯವಸ್ಥೆ ಇರಲಿ. ಮದ್ಯವನ್ನೂ, ವೈದ್ಯರು ಬರೆದುಕೊಡದ ನಿದ್ರೆಮಾತ್ರೆಯನ್ನೂ ಮುಟ್ಟಬೇಡಿ.