ಮೊದಲು ಕೈ, ಆಮೇಲೆ ಅಂಗಡಿ

ನವೆಂಬರ್‌ನಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ವಾಷಿಂಗ್ಟನ್ ಸುತ್ತಮುತ್ತ ಐದು ಗಂಟೆಗೇ ಕತ್ತಲು. ಆಗ ಇಲ್ಲಿನ ಕನ್ನಡಿಗರಾದ ನಿಮ್ಮಲ್ಲಿ ಹಲವರಿಗೆ ಏನಾದರೂ ಕೈಕೆಲಸ ಕಲಿಯೋಣ ಅನ್ನಿಸುತ್ತದೆ. ಬಹಳ ಒಳ್ಳೆಯ ಯೋಚನೆ. ತಂತಿ ಸುತ್ತಿ ಓಲೆ ಮಾಡುವುದು, ಮಣಿ ಪೋಣಿಸುವುದು, ಕ್ರೋಶ, ಕಸೂತಿ, ಯಾವುದಾದರೂ ಸರಿ. ಆದರೆ ಯೋಚನೆ ಬಂದ ಮರುದಿನವೇ ನೀವು ಮಾಡುವುದೇನು? ಕಾರು ತುಂಬ ಸಾಮಾನು ತರುತ್ತೀರಿ. 2025ರಲ್ಲಿ ಕೈಕೆಲಸದ ಸಾಮಾನು ಮಾರುವ ಜೋಆನ್ ಅಂಗಡಿಗಳೆಲ್ಲ ಬಾಗಿಲು ಹಾಕುವಾಗ ಅಗ್ಗವೆಂದು ತಂದ ಚೀಲ ಇನ್ನೂ ಬೇಸ್‌ಮೆಂಟಿನಲ್ಲಿ ಗಂಟು ಬಿಚ್ಚದೆ ಕೂತಿಲ್ಲವೇ, ನೀವೇ ಹೇಳಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಅಂಗಡಿಯಲ್ಲಿ ಸಾಮಾನು ಸಿಗುತ್ತದೆ, ಹವ್ಯಾಸ ಸಿಗುವುದಿಲ್ಲ. ಅಟ್ಲಾಂಟದವರಿಗೂ ಕೆರೊಲೈನಾದವರಿಗೂ ಇದೇ ಮಾತು. ನಿಮ್ಮಲ್ಲಿ ಚಳಿ ಕಡಿಮೆ ಇರಬಹುದು, ಚೀಲಗಳೇನೂ ಕಡಿಮೆ ಇಲ್ಲ.

ತಂತಿಯ ಒಡವೆಗೆ ಬೇಕಾದ ಹತಾರ ಮೂರೇ ಮೂರು. ಕುಣಿಕೆ ಸುತ್ತಲು ದುಂಡು ಮೂತಿಯ ಇಕ್ಕಳ, ಹಿಡಿದುಕೊಳ್ಳಲು ಚೂಪು ಮೂತಿಯ ಇಕ್ಕಳ, ಕತ್ತರಿಸಲು ಒಂದು ಫ್ಲಶ್ ಕಟರ್. ಇಕ್ಕಳದ ಒಳಮೈ ನುಣುಪಾಗಿರಬೇಕು. ಗ್ಯಾರೇಜಿನಿಂದ ಯಜಮಾನರ ಇಕ್ಕಳ ತಂದು ಕೂರಬೇಡಿ. ಅದರ ಹಲ್ಲಿನ ಗುರುತು ಮೆತ್ತನೆಯ ತಾಮ್ರದ ಮೇಲೆ ಬಿದ್ದರೆ ಹೋಗುವುದಿಲ್ಲ. ಕಟರನ್ನು ತಾಮ್ರ, ಹಿತ್ತಾಳೆ, ಬೆಳ್ಳಿಗೆ ಮಾತ್ರ ಬಳಸಿ. ಬಳೆಗೆಂದು ಸಿಗುವ ಮೆಮೊರಿ ವೈರ್ ಗಟ್ಟಿ ಉಕ್ಕು. ಅದಕ್ಕೆ ಬಾಯಿ ಹಾಕಿದ ಕಟರಿನ ಅಂಚು ಮುಕ್ಕಾಗುತ್ತದೆ. ಕಟರನ್ನು ಮನೆಯಲ್ಲಿ ಬೇರೆಯವರ ಕೈಗೂ ಸಿಗದಂತೆ ಎತ್ತಿಡಿ, ಇಲ್ಲದಿದ್ದರೆ ಅದರಿಂದ ಬೇಲಿಯ ತಂತಿ ಕತ್ತರಿಸಿ ಬಂದಿರುತ್ತಾರೆ.

ತಂತಿ ಕೊಳ್ಳುವಾಗ ಗೇಜ್ ನೋಡಿ. ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು. ಅಮೆರಿಕದ ಲೆಕ್ಕದಲ್ಲಿ 18 ಗೇಜ್ ಅಂದರೆ ಸುಮಾರು 1 ಮಿಲಿಮೀಟರ್, 20 ಅಂದರೆ 0.8, 24 ಅಂದರೆ 0.5, 26 ಅಂದರೆ 0.4. ಓಲೆಯ ಕೊಕ್ಕೆಗೆ 20, ಮಣಿ ಕಟ್ಟಲು 22 ಅಥವಾ 24, ಮುತ್ತಿನ ಸಣ್ಣ ತೂತಿಗೆ 26 ಇಟ್ಟುಕೊಂಡರೆ ಸಾಕು. ಊರಿಗೆ ಹೋದಾಗ ಬೆಂಗಳೂರಿನ ಪೇಟೆಯಲ್ಲಿ ಅಗ್ಗವೆಂದು ತಂತಿ ಕಟ್ಟಿಸಿಕೊಂಡು ಬರುವವರು ಒಂದು ವಿಷಯ ತಿಳಿದಿರಲಿ: ಅಲ್ಲಿ ಸಾಮಾನ್ಯವಾಗಿ ಹೇಳುವುದು ಬ್ರಿಟಿಷರ ಕಾಲದ ಎಸ್‌ಡಬ್ಲ್ಯುಜಿ ಲೆಕ್ಕ. ಅದರಲ್ಲಿ 20 ಅಂದರೆ 0.9 ಮಿಲಿಮೀಟರ್. ವ್ಯತ್ಯಾಸ ಕೂದಲೆಳೆಯಷ್ಟೇ, ಆದರೆ ಕಿವಿಯ ತೂತಿಗೆ ಅದು ಗೊತ್ತಾಗುತ್ತದೆ. ಎಲ್ಲಿ ಕೊಂಡರೂ ಮಿಲಿಮೀಟರ್ ಕೇಳಿ ಕೊಳ್ಳಿ.

ಮೊದಲು ಕಲಿಯಬೇಕಾದದ್ದು ಒಂದೇ, ಸುತ್ತಿದ ಕುಣಿಕೆ. ಹೆಬ್ಬೆರಳಿನ ಎರಡರಷ್ಟು ಉದ್ದದ ತಂತಿ ಕತ್ತರಿಸಿ. ಮಣಿ ಏರಿಸಿ. ಮಣಿಯ ತಲೆಯ ಮೇಲೆ ಚೂಪು ಮೂತಿಯ ಇಕ್ಕಳದ ತುದಿ ಹಿಡಿದು, ಅದರ ಮೇಲಿನ ತಂತಿಯನ್ನು ಬೆರಳಿನಿಂದ ಅಡ್ಡಕ್ಕೆ ಬಗ್ಗಿಸಿ. ಈಗ ಬಗ್ಗಿದ ಜಾಗಕ್ಕೂ ಮಣಿಗೂ ನಡುವೆ ಒಂದಿಷ್ಟು ಕುತ್ತಿಗೆ ಉಳಿಯುತ್ತದೆ. ದುಂಡು ಮೂತಿಯ ಇಕ್ಕಳವನ್ನು ಆ ಮೂಲೆಗೆ ಕೊಟ್ಟು, ತಂತಿಯನ್ನು ಅದರ ಮೇಲಿಂದ ಹಾಯಿಸಿ ಕೆಳಗೆ ತನ್ನಿ, ಕುಣಿಕೆ ಮೂಡುತ್ತದೆ. ಕುಣಿಕೆಯನ್ನು ಇಕ್ಕಳದಲ್ಲಿ ಹಿಡಿದು, ಉಳಿದ ಬಾಲವನ್ನು ಕುತ್ತಿಗೆಗೆ ಮೂರು ಸುತ್ತು ಒತ್ತೊತ್ತಾಗಿ ಸುತ್ತಿ. ಬಾಲ ಕತ್ತರಿಸಿ, ತುದಿಯನ್ನು ಒಳಕ್ಕೆ ಒತ್ತಿ. ಇಲ್ಲಿಗೆ ಮುಗಿಯಿತು ಎಂದು ಎದ್ದುಬಿಡಬೇಡಿ. ಹಳೆಯ ರೇಷ್ಮೆ ದುಪ್ಪಟ್ಟದ ಮೇಲೆ ಅದನ್ನು ಒಮ್ಮೆ ಎಳೆದು ನೋಡಿ. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ತುದಿ ಸರಿಯಾಗಿ ಕೂತಿಲ್ಲ ಎಂದರ್ಥ. ಈಗ ದುಪ್ಪಟ್ಟ ತಪ್ಪು ತೋರಿಸದಿದ್ದರೆ ಮುಂದೆ ಯಾರದೋ ಕುತ್ತಿಗೆ ತೋರಿಸುತ್ತದೆ.

ಈ ಒಂದು ಕುಣಿಕೆ ಕಣ್ಣು ಮುಚ್ಚಿದರೂ ಬರುವಷ್ಟು ಆಗುವವರೆಗೆ ಬೇರೆ ವಿನ್ಯಾಸಕ್ಕೆ ಕೈ ಹಾಕಬೇಡಿ. ಮರದ ಆಕಾರದ ಪದಕ, ಜಡೆ ಹೆಣೆದ ಕಡಗ, ಅವೆಲ್ಲ ಎಲ್ಲಿಗೂ ಓಡಿಹೋಗುವುದಿಲ್ಲ. ವಕ್ರವಾಯಿತೆಂದು ತಂತಿಯನ್ನು ನೇರ ಮಾಡಿ, ಮತ್ತೆ ಬಗ್ಗಿಸಿ, ಮತ್ತೆ ನೇರ ಮಾಡುವ ಚಾಳಿಯನ್ನೂ ಬಿಡಿ. ಲೋಹ ಬಗ್ಗಿಸಿದಷ್ಟೂ ಗಡಸಾಗುತ್ತದೆ, ಕೊನೆಗೆ ಅದೇ ಜಾಗದಲ್ಲಿ ಲಟಕ್ಕನೆ ಮುರಿಯುತ್ತದೆ. ತಪ್ಪಿದ ತುಂಡನ್ನು ಡಬ್ಬಿಗೆ ಹಾಕಿ, ಹೊಸ ತುಂಡು ತೆಗೆದುಕೊಳ್ಳಿ. ಇದೇ ಗುಣವನ್ನು ಉಪಯೋಗಕ್ಕೂ ತಂದುಕೊಳ್ಳಬಹುದು: ಓಲೆಯ ಕೊಕ್ಕೆ ರೂಪಕ್ಕೆ ಬಂದ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿಯಾಗಿ ಆಕಾರ ಉಳಿಸಿಕೊಳ್ಳುತ್ತದೆ. ಇನ್ನು ಕೆಲವರು ತಾಮ್ರದಲ್ಲಿ ಸೊಟ್ಟಗೆ ಬಂದರೆ ತಂತಿಯೇ ಸರಿಯಿಲ್ಲವೆಂದು ಬೆಳ್ಳಿ ತರಿಸುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊದಲ ವರ್ಷ ತಾಮ್ರವೇ ಸಾಕು. ಮನೆಯ ಬಂಗಾರಕ್ಕಂತೂ ಕೈ ಹಚ್ಚಲೇಬೇಡಿ. ಕಡಿದುಹೋದ ಕರಿಮಣಿ ಸರ ಅಕ್ಕಸಾಲಿಗರ ಕೆಲಸ, ಊರಿಗೆ ಹೋಗುವವರೆಗೆ ಡಬ್ಬಿಯಲ್ಲಿರಲಿ.

ಹಾಗಾದರೆ ಮೊದಲ ಒಡವೆ ಯಾರಿಗೆ? ದಸರೆಗೆ ಕೂರಿಸುವ ಪಟ್ಟದ ಗೊಂಬೆಗೆ. ಹೇಗೂ ವರ್ಷವರ್ಷ ರಾಜ ರಾಣಿಯರಿಗೆ ಹೊಸ ಅಲಂಕಾರ ಬೇಕು. ಸಣ್ಣ ಕಿರೀಟ, ಡಾಬು, ಸರ ಮಾಡಿ. ಗೊಂಬೆಗೆ ಕಿವಿ ನವೆಯಾಗುವುದಿಲ್ಲ, ಸುಳ್ಳುಸುಳ್ಳೇ ಹೊಗಳುವ ಸಂಕಟವೂ ಅದಕ್ಕಿಲ್ಲ. ಗೊಂಬೆಯಾಟವೆಂದು ಮೂಗು ಮುರಿಯಬೇಡಿ. ಅಲೆಕ್ಸಾಂಡರ್ ಕಾಲ್ಡರ್ ಎಂಬ ಅಮೆರಿಕದ ದೊಡ್ಡ ಶಿಲ್ಪಿ ಎಂಟು ವರ್ಷದ ಹುಡುಗನಾಗಿದ್ದಾಗ, ಲೈನ್ ಕೆಲಸದವರು ಬೀದಿಯಲ್ಲಿ ಬಿಟ್ಟುಹೋದ ತಾಮ್ರದ ತಂತಿ ಆಯ್ದು ತಂದು ಅಕ್ಕನ ಗೊಂಬೆಗಳಿಗೆ ಒಡವೆ ಮಾಡಿದ್ದ. ದೊಡ್ಡವನಾದ ಮೇಲೂ ಹಿತ್ತಾಳೆ, ಬೆಳ್ಳಿಯ ತಂತಿ ತಟ್ಟಿ ಒಡವೆ ಮಾಡುವುದನ್ನು ಬಿಡಲಿಲ್ಲ. ಹೆಚ್ಚಿನವುಗಳಲ್ಲಿ ಬೆಸುಗೆಯೇ ಇಲ್ಲ, ಬರೀ ಸುತ್ತು ಮತ್ತು ಕೊಂಡಿ. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯ ಈಸ್ಟ್ ಬಿಲ್ಡಿಂಗಿನಲ್ಲಿ ತಲೆಯ ಮೇಲೆ ನಿಧಾನವಾಗಿ ತಿರುಗುವ ಆ ಭಾರಿ ತೂಗುಶಿಲ್ಪ ಅವನದೇ. ಟಿಕೆಟ್ಟಿಲ್ಲ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಕಾಲ್ಡರನಂತೆ ಹಳೆಯ ವಿದ್ಯುತ್ ತಂತಿ ಬಳಸುವುದಾದರೆ ಮೇಲಿನ ಪ್ಲಾಸ್ಟಿಕ್ಕನ್ನು ಹೆರೆದು ತೆಗೆಯಿರಿ, ಸುಡಬೇಡಿ. ಆ ಹೊಗೆ ವಿಷ.

ಮನುಷ್ಯರ ಕಿವಿಗೆ ಬಂದಾಗ ಲೋಹದ ಜಾತಕ ನೋಡಲೇಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯ ಚೂರೂ ಇಲ್ಲ. ಅದು ತಾಮ್ರ, ಸತು, ನಿಕ್ಕಲ್ ಸೇರಿಸಿದ್ದು. ನಿಕ್ಕಲ್ ಹಲವರಿಗೆ ಆಗಿಬರುವುದಿಲ್ಲ, ಕಿವಿ ಕೆಂಪಾಗಿ ಸೋರುತ್ತದೆ. ಕೊಕ್ಕೆಗಾದರೂ 92.5ರ ಸ್ಟರ್ಲಿಂಗ್ ಬೆಳ್ಳಿ ಹಾಕಿ. ತಾಮ್ರ ಬೆವರಿಗೆ ಕಿಲುಬು ಹಿಡಿದು ಚರ್ಮಕ್ಕೆ ಹಸಿರು ಬಣ್ಣ ಬಿಡುತ್ತದೆ, ಅದು ತೊಳೆದರೆ ಹೋಗುತ್ತದೆ, ಗಾಬರಿ ಬೇಡ. ತಾಮ್ರ ಬೆಳಗಲು ಹುಣಸೆಹಣ್ಣು ಸರಿಯೇ. ಆದರೆ ಮುತ್ತು, ಹವಳ ಕಟ್ಟಿದ ಒಡವೆಯನ್ನು ದೇವರ ಚೆಂಬಿನ ಜೊತೆ ಹುಣಸೆನೀರಿಗೆ ಅದ್ದೀರಿ ಜೋಕೆ! ಹುಳಿ ಅವುಗಳ ಮೈಯನ್ನು ತಿಂದು ಹೊಳಪು ತೆಗೆದುಬಿಡುತ್ತದೆ. ಅವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮೈಮೇಲೆ ಎಚ್ಚರವಿರಲಿ. ಕತ್ತರಿಸಿದ ತುಣುಕು ನೇರ ಕಣ್ಣಿಗೆ ಹಾರುತ್ತದೆ, ಆದ್ದರಿಂದ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ, ಕತ್ತರಿಸುವಾಗ ತುದಿಯ ಮೇಲೆ ಬೆರಳು ಅಡ್ಡ ಇಡಿ. ನಲವತ್ತು ದಾಟಿದವರು ಓದುವ ಕನ್ನಡಕಕ್ಕೆ ನಾಚಿಕೊಳ್ಳಬೇಡಿ. ಸೋಫಾದ ಮೇಲೆ ಟಿವಿ ನೋಡುತ್ತಾ ಈ ಕೆಲಸ ಬೇಡ; ಮೇಜು, ಒಳ್ಳೆಯ ದೀಪ, ಕೆಳಗೆ ಅಂಚಿರುವ ತಟ್ಟೆ ಇರಲಿ. ಅರ್ಧ ಗಂಟೆಗೊಮ್ಮೆ ಕೈ ಬಿಟ್ಟು ಬೆರಳು ಚಾಚಿ. ಬಣ್ಣ ಕಪ್ಪಾಗಿಸುವ ಗಂಧಕದ ದ್ರಾವಣವನ್ನು ಅಡುಗೆಯ ಪಾತ್ರೆಯಲ್ಲಿ ಕಲಸಬೇಡಿ, ಕಿಟಕಿ ಮುಚ್ಚಿಕೊಂಡೂ ಬಳಸಬೇಡಿ. ಅಂಬೆಗಾಲಿನ ಮಗು ಇರುವ ಮನೆಯಲ್ಲಿ ಮಣಿಗಳು ಎತ್ತರದಲ್ಲಿರಲಿ. ಆಯಸ್ಕಾಂತದ ಕೊಂಡಿಗಳನ್ನಂತೂ ತರಲೇಬೇಡಿ. ಎರಡು ನುಂಗಿದರೆ ಕರುಳಿನೊಳಗೆ ಒಂದಕ್ಕೊಂದು ಅಂಟಿಕೊಂಡು ಪ್ರಾಣಕ್ಕೇ ಬರುತ್ತದೆ.

ವಿಡಿಯೊ ನೋಡಿ ಕಲಿಯಬಹುದು, ಬೇಡ ಅನ್ನುವುದಿಲ್ಲ. ಆದರೆ ನೀವು ಇಕ್ಕಳ ಹಿಡಿದ ರೀತಿ ತಪ್ಪು ಎಂದು ವಿಡಿಯೊ ಹೇಳುವುದಿಲ್ಲ. ಒಮ್ಮೆಯಾದರೂ ಗುರುವಿನ ಎದುರು ಕೂರಿ. ಅದಕ್ಕೆ ನೀವಿರುವ ಸೀಮೆಯಷ್ಟು ಅನುಕೂಲ ಬೇರೆಡೆ ಕಡಿಮೆ. ವಾಷಿಂಗ್ಟನ್ ಕಡೆಯವರಿಗೆ ಮೇರಿಲ್ಯಾಂಡಿನ ಗ್ಲೆನ್ ಎಕೋ ಪಾರ್ಕ್ ಇದೆ. ಅಲೆಕ್ಸಾಂಡ್ರಿಯಾದ ಟಾರ್ಪಿಡೊ ಫ್ಯಾಕ್ಟರಿ ಒಂದು ಕಾಲಕ್ಕೆ ನೌಕಾಪಡೆಯ ಕಾರ್ಖಾನೆ, 1974ರಿಂದ ಕಲಾಕೇಂದ್ರ. ಕಲಾವಿದರು ಕೆಲಸ ಮಾಡುವುದನ್ನು ಹತ್ತಿರ ನಿಂತು ನೋಡಬಹುದು. ಅಟ್ಲಾಂಟದವರಿಗೆ ಡನ್‌ವುಡಿಯ ಸ್ಪ್ರೂಯಿಲ್ ಸೆಂಟರ್ ಇದೆ, ಬೆಟ್ಟದ ಕಡೆ ಯಂಗ್ ಹ್ಯಾರಿಸ್‌ನಲ್ಲಿ ಕಲ್ಲು ಸಾಣೆ ಹಿಡಿಯುವುದನ್ನೂ ತಂತಿ ಕಟ್ಟುವುದನ್ನೂ ವಾರಪೂರ್ತಿ ಕಲಿಸುವ ವಿಲಿಯಂ ಹಾಲೆಂಡ್ ಶಾಲೆ ಇದೆ. ರಾಲೀಯಲ್ಲಿ ನಗರಾಡಳಿತವೇ ನಡೆಸುವ ಪುಲೆನ್ ಆರ್ಟ್ಸ್ ಸೆಂಟರ್.

ನಾರ್ತ್ ಕೆರೊಲೈನಾದ ಬೆಟ್ಟಗಳಲ್ಲಿ ಇನ್ನೂ ಹಳೆಯವಿವೆ: 1929ರ ಪೆನ್‌ಲ್ಯಾಂಡ್ ಶಾಲೆ, 1925ರಲ್ಲಿ ಬ್ರಾಸ್‌ಟೌನಿನಲ್ಲಿ ಶುರುವಾದ ಜಾನ್ ಸಿ. ಕ್ಯಾಂಬೆಲ್ ಫೋಕ್ ಸ್ಕೂಲ್. ಡೆನ್ಮಾರ್ಕಿನ ಜನಪದ ಶಾಲೆಗಳನ್ನು ನೋಡಿ ಬಂದು ಕಟ್ಟಿದ ಈ ಎರಡನೆಯದರಲ್ಲಿ ಪರೀಕ್ಷೆಯಿಲ್ಲ, ಅಂಕವಿಲ್ಲ, ಪೈಪೋಟಿಯಿಲ್ಲ. ಅಂಕವಿಲ್ಲದ ಶಾಲೆ ಎಂದರೆ ನಮ್ಮವರಿಗೆ ಕೊಂಚ ಕಸಿವಿಸಿ. ಹೋಗಿ ನೋಡಿ, ನಿಮಗೂ ಒಳ್ಳೆಯದು, ಜೊತೆಗೆ ಬಂದ ಮಗನಿಗೂ ಒಳ್ಳೆಯದು. ಹಾಗೇ ಸೌತ್ ಕೆರೊಲೈನಾದ ಚಾರ್ಲ್ಸ್‌ಟನ್ ಕಡೆ ಹೋದರೆ, ಮೌಂಟ್ ಪ್ಲೆಸೆಂಟಿನ ರಸ್ತೆ ಬದಿಯಲ್ಲಿ ಗಲ್ಲಾ ಸಮುದಾಯದ ಹೆಂಗಸರು ಸ್ವೀಟ್‌ಗ್ರಾಸ್ ಬುಟ್ಟಿ ಹೆಣೆಯುತ್ತಾ ಕೂತಿರುತ್ತಾರೆ. ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಬಂದ ಹಿರಿಯರ ಕೈಗುಣ ಅದು. ಬೆಲೆ ಕೇಳಿ ಹುಬ್ಬೇರಿಸಬೇಡಿ, ಚೌಕಾಸಿಗೂ ಇಳಿಯಬೇಡಿ. ಒಂದು ಓಲೆ ಕೈಯಾರೆ ಮಾಡಿದವರಿಗೆ ಒಂದು ಬುಟ್ಟಿಯ ಬೆಲೆ ಗೊತ್ತಿರಬೇಕು.

ಹಿತ್ತಲ ಗಿಡ ಮದ್ದಲ್ಲ ಅನ್ನುವಂತೆ ನಮ್ಮ ಕೆಲಸಗಳನ್ನು ಮರೆಯಬೇಡಿ. ಬೀದರಿನ ಬಿದರಿ ಕೆಲಸವೂ ತಂತಿಯದೇ. ಸತು, ತಾಮ್ರದ ಮಿಶ್ರಲೋಹದ ಮೇಲೆ ಗೆರೆ ಕೊರೆದು ಬೆಳ್ಳಿಯ ತಂತಿ ಕೂರಿಸಿ ತಟ್ಟುತ್ತಾರೆ. ಧಾರವಾಡದ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಗವಂತಿ ಹೊಲಿಗೆ ಮೇಲೂ ಕೆಳಗೂ ಒಂದೇ ಸಮ ಕಾಣಬೇಕು. ಆ ಶಿಸ್ತನ್ನು ತಂತಿಗೂ ತನ್ನಿ, ಪದಕವನ್ನು ತಿರುಗಿಸಿ ಹಿಂಬದಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ನಿಮ್ಮ ಮನೆಗೆ ಆರು ತಿಂಗಳಿಗೆಂದು ಬಂದ ಅಮ್ಮನನ್ನೋ ಅತ್ತೆಯನ್ನೋ ಟಿವಿ ಮುಂದೆ ಕೂರಿಸಿ ಆಫೀಸಿಗೆ ಹೋಗುತ್ತೀರಿ. ಅವರಿಗೆ ಗೆಜ್ಜೆವಸ್ತ್ರ ಬರುತ್ತದೆ, ಹೂ ಕಟ್ಟುವುದು ಬರುತ್ತದೆ, ಕೌದಿ ಹೊಲಿಯುವುದು ಬರುತ್ತದೆ. ಕೇಳಿ ಕಲಿಯಿರಿ, ಸಂಜೆಗೆ ಅವರಿಗೂ ಒಂದು ಕೆಲಸ ಸಿಕ್ಕೀತು.

ಕೈ ಕುದುರಿದ ಮೇಲೆ ಮಾರುವ ಆಸೆ ಬರುತ್ತದೆ. ನಿಲ್ಲಿ. ಹವ್ಯಾಸಕ್ಕೆ ವೀಸಾದ ಅಡ್ಡಿಯಿಲ್ಲ, ಮಾರಾಟ ಮಾತ್ರ ಕೆಲಸವೆಂದೇ ಎಣಿಕೆಯಾಗಬಹುದು. 2015ರ ಮೇ ತಿಂಗಳಿನಿಂದ ಅವಲಂಬಿತರಿಗೆ ಕೊಡುವ ಎಚ್-4 ವೀಸಾದ ಕೆಲವರಿಗೆ ಕೆಲಸದ ಅನುಮತಿ ಸಿಗುತ್ತಿದೆ, ಎಲ್ಲರಿಗೂ ಅಲ್ಲ. ಎಟ್ಸಿ ಜಾಲತಾಣದಲ್ಲಿ ಅಂಗಡಿ ತೆರೆಯುವ ಮುನ್ನ, ದೇವಸ್ಥಾನದ ಬಜಾರಿನಲ್ಲಿ ಮೇಜು ಹಾಕುವ ಮುನ್ನ ವಲಸೆ ವಕೀಲರನ್ನು ಒಂದು ಮಾತು ಕೇಳಿ. ಅನುಮತಿ ಇದ್ದವರು ಬಂದ ಹಣವನ್ನು ತೆರಿಗೆಯಲ್ಲಿ ತೋರಿಸಿ, ನಾಲ್ಕೇ ಡಾಲರ್ ಎಂದು ಬಿಡಬೇಡಿ. ಮಕ್ಕಳ ಒಡವೆಗೆ ಸೀಸದ ಮಿತಿ ಇದೆ, 100 ಪಿಪಿಎಂ. ಯಾವ ಮೂಲದ್ದೋ ತಿಳಿಯದ ಮಣಿಯಲ್ಲಿ ಮಕ್ಕಳ ಸರ ಮಾಡಿ ಮಾರಬೇಡಿ, ಉಡುಗೊರೆಯಾಗಿಯೂ ಕೊಡಬೇಡಿ.

ಮಾರದಿದ್ದರೂ ಇನ್ನೊಂದು ಕಾಟ ತಪ್ಪುವುದಿಲ್ಲ. ವಾಷಿಂಗ್ಟನ್ನಿನ ಕಾವೇರಿ ಕನ್ನಡ ಸಂಘದ ಯುಗಾದಿಗೋ, ಅಟ್ಲಾಂಟದ ನೃಪತುಂಗ ಕನ್ನಡ ಕೂಟದ ರಾಜ್ಯೋತ್ಸವಕ್ಕೋ, ರಾಲೀಯ ಸಂಪಿಗೆ ಸಂಘದ ದೀಪಾವಳಿಗೋ ನಿಮ್ಮ ಓಲೆ ಹಾಕಿಕೊಂಡು ಹೋಗಿ ನೋಡಿ. ‘ಅಯ್ಯೋ, ಎಷ್ಟು ಚೆನ್ನಾಗಿದೆ, ಮಗಳ ಹುಟ್ಟುಹಬ್ಬದ ರಿಟರ್ನ್ ಗಿಫ್ಟ್‌ಗೆ ನಲವತ್ತು ಮಾಡಿಕೊಡ್ತೀರಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ದಾಕ್ಷಿಣ್ಯಕ್ಕೆ ಬಿದ್ದು ಒಪ್ಪಿಕೊಂಡಿರೋ, ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗವಿಲ್ಲ ಅನ್ನುವ ಗಾದೆ ನಿಮಗೇ. ಹತ್ತನೆಯ ಜೊತೆಗೆ ಬೆರಳು ನೋಯುತ್ತದೆ, ಇಪ್ಪತ್ತನೆಯದಕ್ಕೆ ತಂತಿ ಕಂಡರೇ ಆಗುವುದಿಲ್ಲ. ನಗುತ್ತಲೇ ಆಗುವುದಿಲ್ಲ ಅನ್ನಿ. ಬದಲಿಗೆ, ‘ಶನಿವಾರ ಮಧ್ಯಾಹ್ನ ಮನೆಗೆ ಬನ್ನಿ, ಹೇಳಿಕೊಡ್ತೀನಿ, ಮಗಳನ್ನೂ ಕರೆತನ್ನಿ’ ಅನ್ನಿ. ಕಾಫಿ ನಿಮ್ಮದು, ಹತಾರ ಮಾತ್ರ ಅವರೇ ತರಲಿ. ಅದೂ ಮೂರೇ ಸಾಕು ಎಂದು ಮೊದಲೇ ಹೇಳಿಬಿಡಿ.