ಹನ್ನಳು ಎದ್ದು ಊಟ ಮಾಡಿದಳು

ಇವತ್ತಿನ ಪಾಠ 1 ಸಮುವೇಲ 1ನೇ ಅಧ್ಯಾಯ. ಬೈಬಲ್ ತೆರೆದಿಟ್ಟುಕೊಳ್ಳಿ.

ಮೊದಲು ನಮ್ಮ ಮನೆಯ ವಿಷಯ. ನನ್ನ ಹೆಂಡತಿ ಒಪ್ಪಿದ ಮೇಲೆಯೇ ಹೇಳ್ತಾ ಇದ್ದೀನಿ. ಮದುವೆಯಾಗಿ ಏಳು ವರ್ಷದ ಮೇಲೆ ಐವಿಎಫ್ ಮಾಡಿಸಿದೆವು. ಭ್ರೂಣವನ್ನು ಗರ್ಭಕ್ಕೆ ಸೇರಿಸಿದ ಮೇಲೆ ಎರಡು ವಾರ ಕಾದೆವು. ಉಪವಾಸ ಮಾಡಿದೆವು, ಸಭೆಯೂ ಪ್ರಾರ್ಥಿಸಿತು. ರಕ್ತಪರೀಕ್ಷೆ ನೆಗೆಟಿವ್ ಬಂತು. ಒಬ್ಬ ಸಹೋದರರು, "ಎಲ್ಲೋ ವಿಶ್ವಾಸ ಕಡಿಮೆಯಾಗಿದೆ" ಅಂದರು.

ಅವಳ ತವರು ಶೇಡಬಾಳಕ್ಕೆ ಹೋದೆವು. ಎರಡು ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. "ನಾನು ಮೆಟ್ಟಿಲು ಹತ್ತಬಾರದಿತ್ತೇನೋ" ಅಂತ ಅದನ್ನೇ ಹೇಳ್ತಿದ್ದಳು. ನಮ್ಮ ಅತ್ತೆ ಏನೂ ಕೇಳಲಿಲ್ಲ. ಬಿಸಿ ರೊಟ್ಟಿ ಮುಂದಿಟ್ಟು, "ಉಣ್ಣವ್ವಾ, ಅಳೂದಿದ್ರ ಉಂಡು ಅಳು" ಅಂದ್ರು. ಅವಳು ಅಳುತ್ತಲೇ ಉಂಡಳು.

ಈಗ ವಾಕ್ಯ ನೋಡಿ. ಹನ್ನಳೂ ಊಟ ಬಿಟ್ಟು ಅಳುತ್ತಿದ್ದಳು. ಶೀಲೋವಿನಲ್ಲಿ ಅವಳು ಪ್ರಾರ್ಥಿಸುವಾಗ ಯಾಜಕ ಏಲಿ, ಕುಡಿದಿದ್ದಾಳೆ ಅಂದುಕೊಂಡ. ದೇವರ ಸೇವಕರೂ ನೊಂದವರನ್ನು ತಪ್ಪು ತಿಳಿಯುತ್ತಾರೆ! ಆಮೇಲೆ ಅವನೇ ಆಶೀರ್ವದಿಸಿದ. 18ನೇ ವಚನದಲ್ಲಿ ಅವಳು ಊಟ ಮಾಡಿದಳು, ಮುಖದ ದುಃಖ ಹೋಯಿತು. ಸಮುವೇಲ ಹುಟ್ಟಿದ್ದು 20ನೇ ವಚನದಲ್ಲಿ. ಗಮನಿಸಿದ್ರಾ? ಊಟ ಮಾಡಿದಾಗ ಅವಳ ಮಡಿಲು ಇನ್ನೂ ಖಾಲಿಯೇ. ಆದರೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಆಕೆ ದೇವರ ಮುಂದೆ ಸುರಿದಿದ್ದಳು. ಎಲ್ಲರಿಗೂ 20ನೇ ವಚನ ಸಿಗುತ್ತದೆ ಅಂತ ನಾನು ಮಾತು ಕೊಡಲಾರೆ. 18ನೇ ವಚನದ ಸಮಾಧಾನವನ್ನು ಇವತ್ತೇ ಕೇಳಬಹುದು.

ಹಾಗಾದ್ರೆ ಮುಂದೇನು?

ಒಂದು, ತಪ್ಪು ಹೊತ್ತುಕೊಳ್ಳಬೇಡಿ. ಐವಿಎಫ್ ವಿಫಲವಾಗಲು ಭ್ರೂಣದ ಕ್ರೋಮೋಸೋಮ್ ದೋಷ ಮುಖ್ಯ ಕಾರಣಗಳಲ್ಲೊಂದು. ಮೆಟ್ಟಿಲು ಹತ್ತಿದ್ದಲ್ಲ. ಗಂಡ ಹೆಂಡತಿ ಇಬ್ಬರೂ ಹೋಗಿ ವೈದ್ಯರನ್ನು ಕೇಳಿ.

ಎರಡು, ಅಳುವಿನ ವಾರದಲ್ಲೇ ಮುಂದಿನ ನಿರ್ಧಾರ ಬೇಡ. ಮತ್ತೊಮ್ಮೆ ಪ್ರಯತ್ನಿಸಬಹುದು, ನಿಲ್ಲಿಸಿ ಇಬ್ಬರೇ ಸಂತೋಷವಾಗಿ ಬಾಳಬಹುದು. ದತ್ತು ಪಡೆಯಬಹುದು, 2015ರ ಬಾಲನ್ಯಾಯ ಕಾಯ್ದೆಯಡಿ, ಕೇಂದ್ರ ಸರ್ಕಾರದ 'ಕಾರಾ' ಮೂಲಕ ಕ್ರೈಸ್ತರಾದ ನಮಗೂ ಆ ಅವಕಾಶವಿದೆ. ಇವುಗಳಲ್ಲಿ ಯಾವುದೂ ಅವಿಶ್ವಾಸವಲ್ಲ.

ಮೂರು, ಸಭೆಯವರೇ, "ಯಾವಾಗ ಗುಡ್ ನ್ಯೂಸ್?" ಅಂತ ಕೇಳಬೇಡಿ. ಊಟ ತಗೊಂಡು ಹೋಗಿ, ಪಕ್ಕದಲ್ಲಿ ಕೂತ್ಕೊಳ್ಳಿ.

ನಮ್ಮ ಮನೆಯಲ್ಲಿ ತೊಟ್ಟಿಲು ಇನ್ನೂ ಇಲ್ಲ. ಕೆಲವು ರಾತ್ರಿ ಈಗಲೂ ಅಳ್ತೀವಿ. ಆದರೆ ಒಟ್ಟಿಗೆ ಕೂತು ಉಣ್ತೀವಿ, ಒಟ್ಟಿಗೆ ಪ್ರಾರ್ಥಿಸ್ತೀವಿ. ಇದೇ ಪರಿಸ್ಥಿತಿಯಲ್ಲಿರುವವರು ಕೂತಲ್ಲೇ ಎದೆಯ ಮೇಲೆ ಕೈ ಇಡಿ. ಪ್ರಾರ್ಥಿಸೋಣ. ಆಮೆನ್.