ಅರವತ್ತು ರೂಪಾಯಿಯ ಕಾಗದ

ಬೈಕ್ ಸರ್ವಿಸ್ ಬಿಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದುವುದು ನನ್ನ ಅಭ್ಯಾಸ. ಮೊದಲು ಒಟ್ಟು ಮೊತ್ತ, ಆಮೇಲೆ ಲೇಬರ್, ವಾಟರ್ ವಾಶ್, ಚೈನ್ ಲೂಬ್, ಇಂಜಿನ್ ಫ್ಲಶ್, 'ಕನ್ಸ್ಯೂಮಬಲ್ಸ್' ಅನ್ನೋ ತಲೆಬುಡವಿಲ್ಲದ ಸಾಲು, ಅದರ ಮೇಲೆ ಇಂಜಿನ್ ಆಯಿಲ್. ಇವುಗಳ ಸಂದಿಯಲ್ಲಿ ಎಲ್ಲೋ ಒಂದು ಕಡೆ ಆಯಿಲ್ ಫಿಲ್ಟರ್. ನನ್ನ 150 ಸಿಸಿ ಬೈಕಿಗೆ ಅದು ಅರವತ್ತು ರೂಪಾಯಿ ಆಸುಪಾಸು. ಬಿಲ್ಲಿನಲ್ಲಿ ಅತಿ ಅಗ್ಗದ ಬಾಬತ್ತು ಅದೇ. ಉಳಿತಾಯದ ಮಾತು ಬಂದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ.

ನಮ್ಮ ಬಡಾವಣೆಯ ಮೆಕ್ಯಾನಿಕ್ ಅಂಗಡಿಯಲ್ಲಿ ಇದು ಹೆಚ್ಚೂಕಡಿಮೆ ದಿನವೂ ನಡೆಯುವ ಚೌಕಾಶಿ. ಊಟ ತಲುಪಿಸುವ ಹುಡುಗರು ಹೆಲ್ಮೆಟ್ ಕೂಡ ತೆಗೆಯದೆ ನಿಂತಿರುತ್ತಾರೆ, ಬೈಕ್ ನಿಂತಷ್ಟು ಹೊತ್ತೂ ಅವರಿಗೆ ನಷ್ಟ. "ಫಿಲ್ಟ್ರು ಈ ಸಲ ಬಿಟ್ಬಿಡಣ್ಣ, ಮುಂದಿನ ಸಲ ನೋಡೋಣ" ಅಂತ ಒಬ್ಬ. ಮೆಕ್ಯಾನಿಕ್ ಡ್ರೈನ್ ಬೋಲ್ಟ್ ಬಿಚ್ಚಿ, ಟ್ರೇಗೆ ಇಳಿಯುತ್ತಿದ್ದ ಆಯಿಲಿಗೆ ಬೆರಳು ಅದ್ದಿ ತೋರಿಸಿದ. "ನೋಡ್ ಗುರೂ, ಡಾಂಬರು ಆಗೋಗಿದೆ. ಹೋದ್ಸಲಾನೂ ಇದೇ ಮಾತು ಹೇಳಿದ್ದೆ." ಹುಡುಗ ನಕ್ಕ. ಆದರೂ ಹಾಕಿಸಲಿಲ್ಲ.

ಅವನನ್ನು ದೂರುವಂತಿಲ್ಲ. ಫಿಲ್ಟರ್ ಹಳೆಯದಾದರೆ ಬೈಕು ಕೆಮ್ಮುವುದಿಲ್ಲ, ಮೈಲೇಜ್ ಧೊಪ್ಪನೆ ಬೀಳುವುದಿಲ್ಲ, ಸ್ಟಾರ್ಟ್ ಆಗುವುದಕ್ಕೆ ತಕರಾರು ಮಾಡುವುದಿಲ್ಲ. ಫಿಲ್ಟರಿನೊಳಗಿನ ಕಾಗದ ಪೂರ್ತಿ ಕಟ್ಟಿಕೊಂಡರೂ ಇಂಜಿನ್ನಿಗೆ ಆಯಿಲ್ ನಿಲ್ಲಬಾರದು ಅಂತ ಬಹಳಷ್ಟು ಇಂಜಿನ್‌ಗಳಲ್ಲಿ ಒಂದು ಬೈಪಾಸ್ ವಾಲ್ವ್ ಇಟ್ಟಿರುತ್ತಾರೆ. ಒತ್ತಡ ಹೆಚ್ಚಾದಾಗ ಅದು ತೆರೆದುಕೊಂಡು, ಸೋಸದ ಆಯಿಲನ್ನೇ ಒಳಗೆ ಬಿಡುತ್ತದೆ. ಎಣ್ಣೆಯೇ ಇಲ್ಲದೆ ಓಡುವುದಕ್ಕಿಂತ ಕೊಳಕು ಎಣ್ಣೆ ವಾಸಿ ಅನ್ನುವ ಲೆಕ್ಕ. ಸವಾರನಿಗೆ ಮಾತ್ರ ಯಾವ ಸುಳಿವೂ ಸಿಗುವುದಿಲ್ಲ.

ಒಳಗೆ ಏನಿರುತ್ತದೆ ಅನ್ನುವ ಕುತೂಹಲಕ್ಕೆ ಒಮ್ಮೆ ಹಳೇ ಫಿಲ್ಟರನ್ನು ಮನೆಗೆ ತಂದು, ನ್ಯೂಸ್‌ಪೇಪರ್ ಹಾಸಿ, ಬ್ಲೇಡಿನಿಂದ ಕೊಯ್ದು ನೋಡಿದೆ. ನೆರಿಗೆ ನೆರಿಗೆಯಾಗಿ ಮಡಚಿದ ಕಾಗದ. ಬಿಡಿಸುತ್ತಾ ಹೋದರೆ ಅಂಗೈಯಲ್ಲಿ ಹಿಡಿಸುವ ಆ ಡಬ್ಬಿಯಿಂದ ಎಷ್ಟುದ್ದ ಬರುತ್ತದೆಂದು ಆಶ್ಚರ್ಯವಾಗುತ್ತದೆ. ನೆರಿಗೆಗಳ ಬುಡದಲ್ಲಿ ಕರಿ ಮಸಿ, ಬೆರಳಲ್ಲಿ ಉಜ್ಜಿದರೆ ನುಣ್ಣಗೆ. ಬಿಸಿಲಿಗೆ ಹಿಡಿದರೆ ಅದರಲ್ಲಿ ಮಿಣಮಿಣ ಚುಕ್ಕೆಗಳು. ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ಹತ್ತಿರ ಒಯ್ದಾಗ ಕೆಲವು ಅದಕ್ಕೆ ಅಂಟಿಕೊಂಡವು, ಕೆಲವು ಇದ್ದಲ್ಲೇ ಇದ್ದವು. ಅಂಟಿದ್ದು ಉಕ್ಕು, ಗೇರುಗಳಂಥ ಭಾಗಗಳು ಸವೆದು ಬರುವಂಥದ್ದು. ಅಂಟದ್ದರಲ್ಲಿ ಅಲ್ಯೂಮಿನಿಯಂ ಇದ್ದಿರಬಹುದು. ಜೊತೆಗೆ ಕಂದು ಬಣ್ಣದ ಸಣ್ಣ ನಾರು, ಕ್ಲಚ್ ಪ್ಲೇಟಿನ ಪುಡಿ ಇರಬೇಕು.

ಕಾರಿನ ಇಂಜಿನ್ ಆಯಿಲಿಗೆ ಈ ಕ್ಲಚ್ ಪುಡಿಯ ಕಾಟ ಇಲ್ಲ. ನಮ್ಮ ಬೈಕುಗಳಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಕ್ಲಚ್ಚಿಗೂ ಸಾಮಾನ್ಯವಾಗಿ ಒಂದೇ ಆಯಿಲ್. ಮೂರು ಕಡೆಯ ಸವೆತವೂ ಆ ಒಂದು ಲೀಟರಿನಲ್ಲೇ ಸೇರಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಕ್ಲಚ್ ಹಿಡಿದು ತೆವಳುವ ಬೈಕಿನ ಫಿಲ್ಟರಿಗೂ ಹಾಸನದ ಹೈವೇಯಲ್ಲಿ ಟಾಪ್ ಗೇರಿನಲ್ಲಿ ಓಡುವ ಬೈಕಿನದಕ್ಕೂ ಹಾಗಾಗಿಯೇ ವ್ಯತ್ಯಾಸ. ಕಿಲೋಮೀಟರ್ ಮೀಟರಿಗೆ ಅದು ಗೊತ್ತಾಗುವುದಿಲ್ಲ.

ಹಾಗಿದ್ದರೆ ಎಷ್ಟು ದಿನಕ್ಕೊಮ್ಮೆ? ನನ್ನ ಬೈಕಿನ ಮ್ಯಾನುಯಲ್ಲಿನ ಪ್ರಕಾರ 5,000 ಕಿ.ಮೀ.ಗೆ ಆಯಿಲ್, ಜೊತೆಗೇ ಫಿಲ್ಟರ್. ಕೆಲವು ಬೈಕುಗಳ ಮ್ಯಾನುಯಲ್ ಎರಡು ಆಯಿಲಿಗೊಂದು ಫಿಲ್ಟರ್ ಸಾಕು ಅನ್ನುತ್ತದೆ. ಕಂಪನಿಯವರು ಹಾಗೆ ಬರೆದಿದ್ದರೆ ಇಂಜಿನ್ನಿಗೆ ತೊಂದರೆ ಇಲ್ಲ. ಆದರೂ ನಾನಾಗಿದ್ದರೆ ಪ್ರತಿ ಸಲ ಹಾಕಿಸುತ್ತಿದ್ದೆ. ಆಯಿಲ್ ಇಳಿಸಿದರೂ ಹಳೇ ಫಿಲ್ಟರಿನ ಕಾಗದ ಮತ್ತು ಅದರ ಗೂಡಿನಲ್ಲಿ ಅಷ್ಟಿಷ್ಟು ಹಳೇ ಆಯಿಲ್ ಉಳಿದೇ ಉಳಿಯುತ್ತದೆ. ತೊಳೆಯದ ಪಾತ್ರೆಗೆ ಹೊಸ ಹಾಲು ಸುರಿದ ಹಾಗೆ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರು ಅಂದುಕೊಳ್ಳಿ. 5,000ಕ್ಕೊಮ್ಮೆ ಅಂದರೆ ಸರಾಸರಿ ವರ್ಷಕ್ಕೆ 2.4 ಸಲ ಆಯಿಲ್. ಒಂದು ಬಿಟ್ಟು ಒಂದು ಸಲ ಫಿಲ್ಟರ್ ತಪ್ಪಿಸಿದರೆ ವರ್ಷಕ್ಕೆ ಉಳಿಯುವುದು ಎಪ್ಪತ್ತೆರಡು ರೂಪಾಯಿ. ಕಿಲೋಮೀಟರಿಗೆ ಹಂಚಿದರೆ ಹೊಸ ಫಿಲ್ಟರಿನ ಖರ್ಚು 1.2 ಪೈಸೆ. ಲೀಟರಿಗೆ ನೂರು ದಾಟಿದ ಪೆಟ್ರೋಲು ಹಾಕಿ 45 ಮೈಲೇಜ್ ತೆಗೆದರೆ ಅದೇ ಕಿಲೋಮೀಟರಿಗೆ ಎರಡೂಕಾಲು ರೂಪಾಯಿ ಸುಟ್ಟಿರುತ್ತೀರಿ. ಟೈರಿಗೆ ಸರಿಯಾಗಿ ಗಾಳಿ ತುಂಬಿಸಿಕೊಂಡರೆ ಉಳಿಯುವುದು ಆ ಎಪ್ಪತ್ತೆರಡು ರೂಪಾಯಿಗಿಂತ ಹೆಚ್ಚು.

ಇನ್ನೊಂದು ದಿಕ್ಕಿನ ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ. "2,500ಕ್ಕೇ ಬದಲಾಯಿಸಿಬಿಡಿ ಸಾರ್, ಇಂಜಿನ್ ಬಾಳಿಕೆ ಬರುತ್ತೆ" ಅಂತ ಹೇಳುವವರು ಬೇಕಾದಷ್ಟು ಜನ. ಆಯಿಲ್, ಫಿಲ್ಟರ್, ಲೇಬರ್ ಸೇರಿ ಒಂದು ಸಲಕ್ಕೆ 650 ರೂಪಾಯಿ ಹಿಡಿದರೆ, ಅರ್ಧ ದೂರಕ್ಕೇ ಬದಲಾಯಿಸುವುದರಿಂದ ವರ್ಷಕ್ಕೆ ಹೆಚ್ಚುವರಿ ಖರ್ಚು 1,560 ರೂಪಾಯಿ. ಫಿಲ್ಟರ್ ತಪ್ಪಿಸಿ ಉಳಿಸಿದ್ದರ ಇಪ್ಪತ್ತು ಪಟ್ಟಿಗೂ ಮಿಗಿಲು. ಅರವತ್ತು ರೂಪಾಯಿಗೆ ಚೌಕಾಶಿ ಮಾಡುವವರೇ ಈ ಮಾತಿಗೆ ತಲೆಯಾಡಿಸಿ ಸಾವಿರದೈನೂರು ಕೊಟ್ಟು ಬರುವುದನ್ನು ನೋಡಿದ್ದೇನೆ. ಮೂರು ಪಟ್ಟು ಬೆಲೆಯ ಫುಲ್ ಸಿಂಥೆಟಿಕ್ ಹಾಕಿಸಿ, ಅದನ್ನೂ 2,500ಕ್ಕೇ ಇಳಿಸುವವರ ವಿಷಯ ಹೇಳುವುದೇ ಬೇಡ. ಸಿಂಥೆಟಿಕ್ 10,000 ಕಿ.ಮೀ. ತಡೆಯುತ್ತದೆ ಅಂತ ನಂಬಿ ಫಿಲ್ಟರನ್ನೂ ಅಲ್ಲಿವರೆಗೆ ಎಳೆಯುವುದು ಬೇರೆ ಬಗೆಯ ಜೂಜು. ಆಯಿಲ್ ತಡೆದೀತು, ಕಾಗದದ ನೆರಿಗೆ ಹಿಡಿಯುವ ಕಸಕ್ಕೆ ಮಿತಿ ಇದೆ.

ಇಂಜಿನ್ ಫ್ಲಶ್, ಬಾಟಲಿಯಲ್ಲಿ ಬರುವ ಅಡಿಟಿವ್, ಇವನ್ನು ನಾನು ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ಬೈಕಿನ ಕ್ಲಚ್ ಆಯಿಲಿನಲ್ಲೇ ಮುಳುಗಿರುವುದರಿಂದ ಜಾರಿಕೆ ಹೆಚ್ಚಿಸುವ ರಾಸಾಯನಿಕ ಸೇರಿದರೆ ಕ್ಲಚ್ ಹಿಡಿಯದೆ ಜಾರಲು ಶುರುವಾಗುತ್ತದೆ. ಆಯಿಲ್ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇದೆಯಾ ನೋಡಿಕೊಂಡರೆ ಸಾಕು. ಅದು ಇಂಥ ಕ್ಲಚ್ ಇರುವ ಬೈಕುಗಳಿಗೆಂದೇ ಇರುವ ಗುರುತು.

ದೂರ ಓಡಿಸದವರಿಗೆ ಲೆಕ್ಕ ಬೇರೆ. ವಾರಕ್ಕೆರಡು ಸಲ ಮಾರ್ಕೆಟ್ಟಿಗೆ ಹೋಗಿ ಬರುವ ಬೈಕಿನ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಒಳಗೆ ಕೂತ ತೇವ ಆವಿಯಾಗದೆ ಆಯಿಲಿನಲ್ಲೇ ಉಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದು ಇನ್ನೂ ಜಾಸ್ತಿ. ಮ್ಯಾನುಯಲ್ಲಿನಲ್ಲಿ ಕಿಲೋಮೀಟರಿನ ಪಕ್ಕದಲ್ಲಿ ತಿಂಗಳ ಲೆಕ್ಕವನ್ನೂ ಕೊಡುವುದು ಇಂಥವರಿಗಾಗಿ. ಯಾವುದು ಮೊದಲೋ ಅದು. ಹೊಸ ಬೈಕಿನ ಮೊದಲ ಸರ್ವಿಸ್ ಅಂತೂ ತಪ್ಪಿಸಲೇಬಾರದು. ಹೊಸ ಲೋಹದ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಪುಡಿ ಉದುರುವುದು ಆಗಲೇ ಹೆಚ್ಚು. 'ಫ್ರೀ ಸರ್ವಿಸ್' ಅಂದರೆ ಸಾಮಾನ್ಯವಾಗಿ ಲೇಬರ್ ಮಾತ್ರ ಫ್ರೀ. ಆಯಿಲಿಗೂ ಫಿಲ್ಟರಿಗೂ ದುಡ್ಡು ಕೊಡಬೇಕು, ಕೊಡಿ.

"ನಮ್ಮ ಕಾಲದಲ್ಲಿ ಫಿಲ್ಟರ್ ಎಲ್ಲಿತ್ತೋ" ಅನ್ನುವ ಸೋದರಮಾವಂದಿರು ಎಲ್ಲರ ಮನೆಯಲ್ಲೂ ಇದ್ದಾರೆ. ನಮ್ಮ ಮಾವ ಓಡಿಸುತ್ತಿದ್ದದ್ದು ಮೈಸೂರಿನ ಐಡಿಯಲ್ ಜಾವಾದವರ ಯೆಜ್ಡಿ. ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು, ಮಾವನ ಅಭಿಮಾನ ಹಾಗೇ ಇದೆ. ಅವರ ಮಾತು ಸುಳ್ಳೇನಲ್ಲ. ಅದು ಟೂ ಸ್ಟ್ರೋಕ್. ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಸುಟ್ಟುಬಿಡುತ್ತಿತ್ತು. ಸೋಸಲು ಉಳಿಯುತ್ತಿದ್ದದ್ದೇ ಏನೂ ಇಲ್ಲ.

ಇವತ್ತಿನ ಫೋರ್ ಸ್ಟ್ರೋಕ್‌ಗಳಲ್ಲೂ ಎಲ್ಲದಕ್ಕೂ ಕಾಗದದ ಫಿಲ್ಟರ್ ಇಲ್ಲ, ಮತ್ತು ದುಡ್ಡು ಸೋರುವ ಇನ್ನೊಂದು ತೂತು ಇದೇ. ಸ್ಪ್ಲೆಂಡರಿನಂಥ 100 ಸಿಸಿ ಬೈಕಿನಲ್ಲಿರುವುದು ಒಂದು ಜಾಲರಿ ಮತ್ತು ಗಿರಗಿರ ತಿರುಗುತ್ತಾ ಕಸವನ್ನು ಅಂಚಿಗೆ ಎಸೆದು ಹಿಡಿದಿಟ್ಟುಕೊಳ್ಳುವ ಬಟ್ಟಲಿನಂಥ ಫಿಲ್ಟರ್. ಎರಡನ್ನೂ ಮ್ಯಾನುಯಲ್ಲಿನ ಅವಧಿಗೆ ಬಿಚ್ಚಿ ಸ್ವಚ್ಛ ಮಾಡಬೇಕು, ಆಯಿಲ್ ಹಾಕಿಸಿದಾಗಲೆಲ್ಲ ಹೊಸದು ಕೊಳ್ಳುವ ಮಾತೇ ಇಲ್ಲ. ನಮ್ಮ ಪಕ್ಕದ ಮನೆಯವರ ಸ್ಪ್ಲೆಂಡರಿನ ಬಿಲ್ಲಿನಲ್ಲಿ 'ಆಯಿಲ್ ಫಿಲ್ಟರ್ – 1' ಅಂತ ನೋಡಿದಾಗ ಇಬ್ಬರೂ ಸೇರಿ ಆ ಗ್ಯಾರೇಜಿಗೆ ಹೋದೆವು. ಹಳೆಯದನ್ನು ತೋರಿಸಿ ಅಂದೆ. ಕೌಂಟರಿನಲ್ಲಿದ್ದವರು ಒಳಗೆ ಹೋದರು, ಬಂದರು, ಕಂಪ್ಯೂಟರ್ ತಪ್ಪು ಸಾರ್ ಅಂದು ಆ ಸಾಲು ತೆಗೆದು ಹೊಸ ಬಿಲ್ ಕೊಟ್ಟರು.

ಕಾಗದದ ಫಿಲ್ಟರ್ ಇರುವವರು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಅಂಗಡಿಗಳಿರುವ ಕಡೆ ಹೋದಾಗ ಕಂಪನಿಯದ್ದೇ ಎರಡು ಕೊಂಡಿಟ್ಟುಕೊಳ್ಳಿ. ಪಾರ್ಟ್ ನಂಬರು, ಎಂಆರ್‌ಪಿ, ತಯಾರಾದ ತಿಂಗಳು ಡಬ್ಬಿಯ ಮೇಲೆ ಇರಬೇಕು. ಬಿಡಿ ಪ್ಲಾಸ್ಟಿಕ್ ಕವರಿನಲ್ಲಿ ಇಪ್ಪತ್ತು ರೂಪಾಯಿಗೆ ಕೊಡುವುದು ಬೇಡ. ಜೊತೆಗೆ ಮುಚ್ಚಳದ ಓ-ರಿಂಗ್, ಡ್ರೈನ್ ಬೋಲ್ಟಿನ ವಾಷರ್ ಕೇಳಿ ತೆಗೆದುಕೊಳ್ಳಿ. ಹಳೇ ಓ-ರಿಂಗನ್ನೇ ಮತ್ತೆ ಕೂರಿಸಿದರೆ ಸೋರುವ ಆಯಿಲಿನ ಬೆಲೆ ಫಿಲ್ಟರಿಗಿಂತ ಹೆಚ್ಚಾದೀತು.